ಯಕ್ಷಗಾನದ ಫೋಟೊ ತೆಗೆಯಲು ಹೊರಟವರಿಗೆ

ದೀಪಾವಳಿ ಕಳೆದು ಯಕ್ಷಗಾನದ ಮೇಳಗಳು ಊರೂರಲ್ಲಿ ಆಟ, ಅಂದರೆ ಪ್ರದರ್ಶನ, ಕೊಡಲು ತಿರುಗಾಟಕ್ಕೆ ಹೊರಟವೆಂದರೆ ಸಾಕು, ಕ್ಯಾಮೆರಾ ಇರುವ ಗೆಳೆಯರಿಂದ ಒಂದೇ ಪ್ರಶ್ನೆ ಬರಲು ಶುರುವಾಗುತ್ತದೆ. "ಆಟದ ಫೋಟೊ ತೆಗೆದೆ, ಎಲ್ಲ ಶೇಕ್ ಆಗಿದೆ. ಮುಖ ಬೆಳ್ಳಗೆ ಸುಟ್ಟುಹೋಗಿದೆ. ಯಾವ ಲೆನ್ಸ್ ತಗೊಳ್ಳಲಿ?"

ಲೆನ್ಸ್ ವಿಷಯಕ್ಕೆ ಬರೋಣ. ಆದರೆ ಹತ್ತರಲ್ಲಿ ಎಂಟು ಸಲ ತೊಂದರೆ ಲೆನ್ಸಿನದ್ದಲ್ಲ. ರಂಗಸ್ಥಳದ ಬೆಳಕು ಕ್ಯಾಮೆರಾಕ್ಕೆ ಅರ್ಥವಾಗುವುದಿಲ್ಲ, ಫೋಟೊ ತೆಗೆಯುವವರ ಕಿವಿ ಚೆಂಡೆಯ ಕಡೆ ಇರುವುದಿಲ್ಲ. ಇವೆರಡು ಸರಿಹೋದರೆ ಹಳೆಯ ಕ್ಯಾಮೆರಾದಲ್ಲೂ ಒಳ್ಳೆಯ ಚಿತ್ರ ಬರುತ್ತದೆ. ಇಲ್ಲಿ ಹೇಳುವುದು ಯಕ್ಷಗಾನದ ಎರಡು ಶೈಲಿಗಳಾದ ತೆಂಕುತಿಟ್ಟು, ಬಡಗುತಿಟ್ಟು ಎರಡಕ್ಕೂ ಅನ್ವಯಿಸುತ್ತದೆ. ವ್ಯತ್ಯಾಸ ಇರುವಲ್ಲಿ ಬೇರೆ ಹೇಳುತ್ತೇನೆ.

1. ಏನೇನು ಬೇಕು

ಕಳೆದ ಹತ್ತು ವರ್ಷಗಳಲ್ಲಿ ಬಂದ ಯಾವುದೇ ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್ ಕ್ಯಾಮೆರಾ ಸಾಕು. ಹೊಸ ಕ್ಯಾಮೆರಾಕ್ಕೆ ದುಡ್ಡು ಸುರಿಯುವ ಮೊದಲು ಲೆನ್ಸ್ ನೋಡಿ.

ಲೆನ್ಸಿನ ಮೇಲೆ ಎಫ್ 1.8, ಎಫ್ 5.6 ಎಂದೆಲ್ಲ ಬರೆದಿರುತ್ತದೆ. ಅದು ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, ಎಷ್ಟು ದೊಡ್ಡದಾಗಿ ತೆರೆಯುತ್ತದೆ ಎನ್ನುವ ಲೆಕ್ಕ. ಅಂಕಿ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಕ್ಯಾಮೆರಾ ಜೊತೆ ಕೊಡುವ ಜೂಮ್ ಲೆನ್ಸನ್ನು ಪೂರ್ತಿ ಜೂಮ್ ಮಾಡಿದಾಗ ಸಾಮಾನ್ಯವಾಗಿ ಎಫ್ 5.6ರಲ್ಲಿ ನಿಲ್ಲುತ್ತದೆ. ಎಫ್ 2.8ರಲ್ಲಿ ಅದರ ನಾಲ್ಕು ಪಟ್ಟು ಬೆಳಕು ಒಳಗೆ ಬರುತ್ತದೆ. ಎಫ್ 1.8ರಲ್ಲಿ ಹೆಚ್ಚುಕಡಿಮೆ ಹತ್ತು ಪಟ್ಟು. ರಾತ್ರಿ ಆಟದಲ್ಲಿ ಈ ವ್ಯತ್ಯಾಸವೇ ಎಲ್ಲ.

ಕಡಿಮೆ ಖರ್ಚಿನಲ್ಲಿ ಆಗಬೇಕೆಂದರೆ 50 ಎಂಎಂ ಎಫ್ 1.8 ಲೆನ್ಸ್ ಕೊಳ್ಳಿ. ಸಣ್ಣ ಸೆನ್ಸರ್ ಇರುವ, ಅಂದರೆ ಕ್ರಾಪ್ ಕ್ಯಾಮೆರಾದಲ್ಲಿ ಅದು 75ರಿಂದ 80 ಎಂಎಂನಂತೆ ಕೆಲಸ ಮಾಡುತ್ತದೆ. ಮುಂದಿನ ಸಾಲಿನಲ್ಲಿ ಕೂತರೆ ಪೂರ್ತಿ ವೇಷಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಇನ್ನೂ ಸ್ವಲ್ಪ ಕೈ ಓಡಿದರೆ 85 ಎಂಎಂ ಎಫ್ 1.8. ಕೊಟ್ಟ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಲೆನ್ಸ್ ಆಟಕ್ಕೆ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಎಲ್ಲರೂ ಆಸೆಪಡುವ 70-200 ಎಂಎಂ ಎಫ್ 2.8 ಚೆನ್ನಾಗಿಯೇ ಇದೆ. ಆದರೆ ಅದನ್ನು ಮೊದಲು ಬಾಡಿಗೆಗೆ ತಂದು ನೋಡಿ. ಒಂದೂವರೆ ಕೆಜಿ ಆಸುಪಾಸಿನ ಆ ತೂಕವನ್ನು ರಾತ್ರಿಯಿಡೀ ಹಿಡಿದ ಮೇಲೆ ಕೊಳ್ಳಬೇಕೋ ಬೇಡವೋ ಎಂದು ನಿಮ್ಮ ಕೈಯೇ ಹೇಳುತ್ತದೆ.

ಜೊತೆಗೆ ಎರಡು ಬ್ಯಾಟರಿ, ಎರಡು ಕಾರ್ಡ್, ಲೆನ್ಸ್ ಒರೆಸುವ ಬಟ್ಟೆ ಬೇಕು. ಮಾನೊಪಾಡ್, ಅಂದರೆ ಒಂಟಿ ಕಾಲಿನ ಸ್ಟ್ಯಾಂಡ್, ಇದ್ದರೆ ಒಳ್ಳೆಯದು. ಮೂರು ಕಾಲಿನದ್ದು ಬೇಡ. ಜನ ಎಡವುತ್ತಾರೆ.

ಫ್ಲ್ಯಾಶ್ ಮನೆಯಲ್ಲೇ ಇರಲಿ. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಫ್ಲ್ಯಾಶ್ ಹೊಡೆದರೆ ದಿಗಿಣ ಹಾರುತ್ತಿರುವ ಕಲಾವಿದರಿಗೆ ಕ್ಷಣಕಾಲ ನೆಲ ಕಾಣುವುದಿಲ್ಲ. ಅದೂ ಅಲ್ಲದೆ ಎದುರಿನಿಂದ ಬಿದ್ದ ಬಿಳಿ ಬೆಳಕಿಗೆ ಮುಖವರ್ಣಿಕೆ ಚಪ್ಪಟೆಯಾಗಿ ಕಾಣುತ್ತದೆ, ವೇಷದ ಮಿಣುಕು ಎಲ್ಲ ಕನ್ನಡಿಯಂತೆ ಹೊಳೆದು ಚಿತ್ರ ಹಾಳಾಗುತ್ತದೆ.

2. ಹೋಗುವ ಮೊದಲು

ಪ್ರಸಂಗ ಯಾವುದು ಎಂದು ಕೇಳಿಕೊಳ್ಳಿ. ಕಥೆ ಗೊತ್ತಿಲ್ಲದಿದ್ದರೆ ಯಾರಿಂದಾದರೂ ಕೇಳಿ ತಿಳಿದುಕೊಳ್ಳಿ. ಯಾವ ವೇಷ ಯಾವಾಗ ಬರುತ್ತದೆ, ಯಾವ ಕಡೆಯಿಂದ ಬರುತ್ತದೆ ಎಂದು ಗೊತ್ತಿದ್ದವರಿಗೆ ಅರ್ಧ ಕೆಲಸ ಮುಗಿದ ಹಾಗೆ. ದೇವಿ ಮಹಾತ್ಮೆ ಇದ್ದರೆ ಮಹಿಷಾಸುರ ಹೆಚ್ಚಾಗಿ ಬರುವುದು ಸಭೆಯ ನಡುವಿನಿಂದ, ದೊಂದಿಯ ಬೆಳಕಿನಲ್ಲಿ. ಗೊತ್ತಿಲ್ಲದವರು ರಂಗಸ್ಥಳದ ಕಡೆ ಕ್ಯಾಮೆರಾ ಇಟ್ಟುಕೊಂಡು ಕೂತಿರುತ್ತಾರೆ, ಮಹಿಷಾಸುರ ಅವರ ಬೆನ್ನ ಹಿಂದೆ ಅಬ್ಬರಿಸುತ್ತಿರುತ್ತಾನೆ.

ಈಗ ಬಹಳಷ್ಟು ಮೇಳಗಳು ಕಾಲಮಿತಿಯಲ್ಲಿ ಆಡುತ್ತವೆ. ಇಡೀ ರಾತ್ರಿಯ ಆಟವೋ, ನಡುರಾತ್ರಿಯ ಹೊತ್ತಿಗೆ ಮುಗಿಯುವುದೋ ಎಂದು ವಿಚಾರಿಸಿಕೊಳ್ಳಿ. ಬ್ಯಾಟರಿ, ಕಾರ್ಡಿನ ಲೆಕ್ಕ ಅದರ ಮೇಲೆ ನಿಂತಿದೆ. ತಿರುಗಾಟ ನಡೆಯುವುದು ಸುಮಾರಾಗಿ ನವೆಂಬರಿನಿಂದ ಮೇ ಕೊನೆಯವರೆಗೆ. ತೆಂಕಿನಲ್ಲಿ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಅಂದರೆ ತಿರುಗಾಟ ಮುಗಿಸುತ್ತವೆ. ಮಳೆಗಾಲದಲ್ಲಿ ಕಲಿಯಬೇಕೆಂದರೆ ಊರಿನ ಸಭಾಭವನಗಳಲ್ಲಿ, ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಂಥ ಕಡೆ ನಡೆಯುವ ಆಟಗಳಿಗೆ ಹೋಗಿ. ಅಲ್ಲಿ ಬೆಳಕು ಹೆಚ್ಚು ಸ್ಥಿರ, ಕಲಿಯಲು ಸುಲಭ. ಬಯಲಾಟದ ಸೊಗಸು ಸಿಗುವುದಿಲ್ಲ, ಅಷ್ಟೆ.

3. ಮೊದಲು ಚೌಕಿ

ಬಣ್ಣ ಹಚ್ಚುವ ಜಾಗ ಚೌಕಿ. ಎಲ್ಲರಿಗೂ ಅಲ್ಲಿಗೆ ಹೋಗುವ ಆಸೆ, ಅಲ್ವಾ? ಹೋಗಿ, ಆದರೆ ಮೇಳದ ಮ್ಯಾನೇಜರರನ್ನು ಕೇಳಿಯೇ ಹೋಗಿ. ಚಪ್ಪಲಿ ಹೊರಗೆ ಬಿಡಿ. ಅಲ್ಲಿ ದೇವರ ಪೂಜೆ ನಡೆಯುತ್ತದೆ, ಮೇಳದವರಿಗೆ ಅದು ದೇವಸ್ಥಾನ ಇದ್ದ ಹಾಗೆ. ಗೆಜ್ಜೆ, ಕಿರೀಟ ಮುಟ್ಟಬೇಡಿ, ದಾಟಿ ಹೋಗಬೇಡಿ. ಬಟ್ಟೆ ಬದಲಿಸುವಾಗ ಕ್ಯಾಮೆರಾ ಕೆಳಗಿರಲಿ.

ಇಲ್ಲಿನ ಬೆಳಕು ರಂಗಸ್ಥಳಕ್ಕಿಂತ ಚೆನ್ನಾಗಿರುತ್ತದೆ. ಕಲಾವಿದರು ಸಾಲಾಗಿ ನೆಲದಲ್ಲಿ ಕೂತು, ಎದುರಿಗೆ ಒಂದು ಕನ್ನಡಿ ಇಟ್ಟುಕೊಂಡು, ಹತ್ತಿರದ ಬಲ್ಬಿನ ಬೆಳಕಿನಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿರುತ್ತಾರೆ. ಆ ಬಲ್ಬಿನ ಬೆಳಕು ಮುಖದ ಒಂದು ಕಡೆಗೆ ಬೀಳುವ ಹಾಗೆ ಬದಿಯಲ್ಲಿ ಕೂತುಕೊಳ್ಳಿ. ಎಫ್ 2, 1/125, ಐಎಸ್‌ಒ 1600ರಿಂದ ಶುರು ಮಾಡಿ. 1/125 ಎನ್ನುವುದು ಶಟರ್ ವೇಗ, ಅಂದರೆ ಬೆಳಕು ಒಳಗೆ ಬರಲು ಶಟರ್ ತೆರೆದಿರುವುದು ಸೆಕೆಂಡಿನ 125ನೇ ಒಂದು ಭಾಗ. ಐಎಸ್‌ಒ ಎಂದರೆ ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸುತ್ತದೆ ಎನ್ನುವ ಅಂಕಿ.

ತೆಂಕಿನ ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಚುಟ್ಟಿ ಇಡುವುದನ್ನು ಬಿಡಬೇಡಿ. ಅಕ್ಕಿ ಹಿಟ್ಟು, ಸುಣ್ಣ ಸೇರಿಸಿದ ಬಿಳಿ ಕಲಸನ್ನು ಕಡ್ಡಿಯ ತುದಿಯಲ್ಲಿ ತೆಗೆದು ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಇಡುತ್ತಾ ಹೋಗುತ್ತಾರೆ. ಒಂದು ಸಾಲು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು ಪದರ. ಮುಳ್ಳು ಎದ್ದ ಹಾಗೆ ಅದು ಮುಖದಿಂದ ಹೊರಗೆ ಬೆಳೆಯುತ್ತದೆ. ಗಂಟೆಗಟ್ಟಲೆ ಹಿಡಿಯುವ ಕೆಲಸ. ಆ ಹೊತ್ತಿನಲ್ಲಿ ಅವರನ್ನು ಮಾತಿಗೆಳೆಯಬೇಡಿ. ಮುಖ ಅಲುಗಿದರೆ ಚುಟ್ಟಿ ಬಿರುಕು ಬಿಡುತ್ತದೆ.

ಇಲ್ಲಿ ತೆಗೆದ ಮುಖದ ಚಿತ್ರವೊಂದನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಬಣ್ಣ ನಿಜಕ್ಕೂ ಹೇಗಿತ್ತು ಎನ್ನುವುದಕ್ಕೆ ಆಮೇಲೆ ಕಂಪ್ಯೂಟರಿನಲ್ಲಿ ಅದೇ ಅಳತೆಗೋಲು.

4. ಕೂರುವ ಜಾಗ

ಎಲ್ಲರೂ ನಟ್ಟನಡುವೆ ಕೂರಲು ಹೋಗುತ್ತಾರೆ. ಬೇಡ. ನೇರ ಎದುರಿನಿಂದ ತೆಗೆದರೆ ವೇಷದ ತಲೆಯ ಹಿಂದೆ ಭಾಗವತರು, ಮದ್ದಳೆಯವರು, ಅವರ ಹಿಂದೆ ಯಾವುದೋ ಅಂಗಡಿಯ ಬ್ಯಾನರ್, ಎಲ್ಲ ಒಟ್ಟಿಗೆ ಬರುತ್ತವೆ. ರಂಗಸ್ಥಳದ ಮೂಲೆಗೆ ಸರಿದು ಕೂತರೆ ಹಿನ್ನೆಲೆಯಲ್ಲಿ ಬರೀ ಕತ್ತಲೆ ಸಿಗುತ್ತದೆ. ಎರಡೂ ಮೂಲೆಗಳಲ್ಲಿ ಒಮ್ಮೆ ಕೂತು ನೋಡಿ, ಮೈಕು ಮುಖಕ್ಕೆ ಅಡ್ಡ ಬರದ ಕಡೆಯನ್ನು ಆರಿಸಿಕೊಳ್ಳಿ.

ದೀಪಗಳು ಮೇಲೆ ಇರುವುದರಿಂದ ಕಿರೀಟದ ನೆರಳು ಕಣ್ಣಿನ ಮೇಲೆ ಬೀಳುತ್ತದೆ. ದೊಡ್ಡ ಕಿರೀಟದ ವೇಷಗಳಲ್ಲಿ ಇದು ಜಾಸ್ತಿ. ಕಲಾವಿದರು ಮುಖ ಎತ್ತುವವರೆಗೆ ಕಾಯುವುದೊಂದೇ ದಾರಿ. ನೆಲದ ಮೇಲೆ ಕೂತು ತೆಗೆಯಿರಿ. ವೇಷ ಎತ್ತರವಾಗಿ, ಗಂಭೀರವಾಗಿ ಕಾಣುತ್ತದೆ, ಹಿಂದೆ ಕೂತ ಅಜ್ಜಂದಿರ ಬೈಗುಳವೂ ತಪ್ಪುತ್ತದೆ.

5. ಬೆಳಕನ್ನು ಪರೀಕ್ಷೆ ಮಾಡಿ

ಹೆಚ್ಚಿನವರು ಎಡವುವುದು ಇಲ್ಲಿ. ಆಟ ಶುರುವಾಗುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ. ಕಥೆಗೆ ಮುಂಚಿನ ಪೂರ್ವರಂಗ ನಡೆಯುತ್ತಿರುವಾಗ ಮಾಡಿದರೂ ಆದೀತು.

ಮೊದಲನೆಯದು ಮಿನುಗು. ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ದೀಪಗಳು ಕಣ್ಣಿಗೆ ಕಾಣದಷ್ಟು ಬೇಗ ಹೆಚ್ಚುಕಡಿಮೆಯಾಗುತ್ತಿರುತ್ತವೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಸೆಕೆಂಡಿಗೆ 100 ಸಲ. ಕೆಲವು ಎಲ್‌ಇಡಿಗಳ ಲೆಕ್ಕವೇ ಬೇರೆ. 1/500ರಲ್ಲಿ ಹತ್ತು ಫೋಟೊ ಸರಸರ ತೆಗೆಯಿರಿ. ಒಂದು ಬೆಳ್ಳಗೆ, ಒಂದು ಹಳದಿ, ಒಂದು ಕಪ್ಪು ಬಂದರೆ ಅಥವಾ ಚಿತ್ರದಲ್ಲಿ ಅಡ್ಡಪಟ್ಟೆ ಕಂಡರೆ ಅದು ಮಿನುಗಿನ ಕಾಟ. ಕ್ಯಾಮೆರಾ ಕೆಟ್ಟಿದೆ ಎಂದು ಗಾಬರಿಯಾಗಬೇಡಿ.

ಮಿರರ್‌ಲೆಸ್ ಇರುವವರು ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರಿಗೆ ಬನ್ನಿ. ಅರ್ಧ ಪಟ್ಟೆ ಅಲ್ಲೇ ಹೋಗುತ್ತದೆ. ಮೆನುವಿನಲ್ಲಿ ಆಂಟಿ ಫ್ಲಿಕರ್ ಇದ್ದರೆ ಆನ್ ಮಾಡಿ. ಬಯಲಾಟದಲ್ಲಿ ಜನರೇಟರಿನಿಂದ ಕರೆಂಟು ಬರುತ್ತಿದ್ದರೆ ಅದರ ಮೇಲೆ ಪೂರ್ತಿ ನಂಬಿಕೆ ಬೇಡ. ಏನೂ ಆಗದಿದ್ದರೆ 1/100ಕ್ಕೆ ಇಳಿಸಿ, ಕಲಾವಿದರು ನಿಂತ ಕ್ಷಣಗಳನ್ನಷ್ಟೇ ತೆಗೆಯಿರಿ.

ಎರಡನೆಯದು ಬಣ್ಣ. ಹ್ಯಾಲೊಜನ್ ಹಳದಿ, ಎಲ್‌ಇಡಿ ಬಿಳಿ, ವೇದಿಕೆಗೆ ಬಣ್ಣ ಚೆಲ್ಲುವ ಪಾರ್ ಲೈಟು ಗುಲಾಬಿ ಅಥವಾ ನೀಲಿ, ಎಲ್ಲ ಕಲಸಿರುತ್ತವೆ. ವೈಟ್ ಬ್ಯಾಲೆನ್ಸ್ ಎಂದರೆ ಬಿಳಿಯನ್ನು ಬಿಳಿಯಾಗಿ ತೋರಿಸಲು ಕ್ಯಾಮೆರಾ ಮಾಡುವ ಹೊಂದಾಣಿಕೆ. ಅದನ್ನು ಆಟೊದಲ್ಲಿ ಬಿಟ್ಟರೆ ಪ್ರತಿ ಫೋಟೊದಲ್ಲೂ ಮುಖದ ಬಣ್ಣ ಬೇರೆ ಬೇರೆ ಬರುತ್ತದೆ. ಹ್ಯಾಲೊಜನ್ ಜಾಸ್ತಿ ಇದ್ದರೆ 3200 ಕೆಲ್ವಿನ್, ಬಿಳಿ ಎಲ್‌ಇಡಿ ಇದ್ದರೆ 5000ದ ಸುತ್ತ ಇಟ್ಟು ಅಲ್ಲೇ ಬಿಡಿ. ಫೈಲನ್ನು ರಾ ರೂಪದಲ್ಲಿ ಉಳಿಸಿಕೊಳ್ಳಿ. ರಾ ಅಂದರೆ ಸೆನ್ಸರಿಗೆ ಬಂದ ಮಾಹಿತಿಯನ್ನು ಹಾಗೇ ಇಟ್ಟ ಫೈಲ್. ಬಣ್ಣವನ್ನು ಆಮೇಲೆ ತಿದ್ದಬಹುದು, ಜೆಪೆಗ್‌ನಲ್ಲಿ ಅಷ್ಟು ಅವಕಾಶ ಇಲ್ಲ.

ಮೂರನೆಯದು ಕೆಂಪು. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಯಕ್ಷಗಾನದ ವೇಷದಲ್ಲಿ ಕೆಂಪು ಧಾರಾಳ. ಮೇಲಿಂದ ಕೆಂಪು ದೀಪವೂ ಬಿದ್ದರೆ ಆ ಬಣ್ಣ ಸೆನ್ಸರಿನ ಮಿತಿ ದಾಟುತ್ತದೆ. ಬಟ್ಟೆಯ ನೆರಿಗೆ, ಕಸೂತಿ ಏನೂ ಕಾಣದೆ ಒಂದು ಕೆಂಪು ಮುದ್ದೆ ಮಾತ್ರ ಉಳಿಯುತ್ತದೆ. ಪರದೆಯಲ್ಲಿ ಫೋಟೊ ಸರಿಯಾಗಿಯೇ ಕಾಣುತ್ತದೆ, ಹಿಸ್ಟೊಗ್ರಾಮ್ ಕೂಡ ಸರಿ ಇರುತ್ತದೆ. ಹಿಸ್ಟೊಗ್ರಾಮ್ ಎಂದರೆ ಚಿತ್ರದಲ್ಲಿ ಕಪ್ಪು ಎಷ್ಟು, ಬಿಳುಪು ಎಷ್ಟು ಎಂದು ತೋರಿಸುವ ಗ್ರಾಫ್. ಅದರಲ್ಲಿ ಕೆಂಪು, ಹಸಿರು, ನೀಲಿ ಬೇರೆ ಬೇರೆಯಾಗಿ ಕಾಣುವ ನಮೂನೆಯನ್ನು ಆರಿಸಿಕೊಂಡು ಕೆಂಪಿನ ಗೆರೆ ಬಲಗಡೆಯ ಗೋಡೆಗೆ ಒತ್ತಿದೆಯೇ ನೋಡಿ. ಒತ್ತಿದ್ದರೆ ಬೆಳಕನ್ನು ಸ್ವಲ್ಪ ಕಡಿಮೆ ಮಾಡಿ.

6. ಸೆಟ್ಟಿಂಗ್

ಆಟೊ ಮೋಡಿನಲ್ಲಿ ಕ್ಯಾಮೆರಾ ಸುತ್ತಲಿನ ಕತ್ತಲೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಇಡೀ ಚಿತ್ರವನ್ನು ಬೆಳಗಿಸಲು ನೋಡುತ್ತದೆ. ಮುಖ ಸುಟ್ಟುಹೋಗುವುದು ಇದರಿಂದಲೇ. ಹಾಗಾಗಿ ಮ್ಯಾನುವಲ್ ಮೋಡ್ ಇಟ್ಟುಕೊಳ್ಳಿ. ರಂಗಸ್ಥಳದ ಬೆಳಕು ಪದೇ ಪದೇ ಬದಲಾಗುವುದಿಲ್ಲ, ಒಮ್ಮೆ ಸರಿಮಾಡಿಕೊಂಡರೆ ಬಹಳ ಹೊತ್ತು ನಡೆಯುತ್ತದೆ.

ಎಫ್ 2.8, 1/400, ಐಎಸ್‌ಒ 3200ರಿಂದ ಶುರು ಮಾಡಿ. ಐಎಸ್‌ಒ ಎಂದರೆ ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸುತ್ತದೆ ಎನ್ನುವ ಅಂಕಿ. ಐಎಸ್‌ಒ ಹೆಚ್ಚಿಸಿದಷ್ಟೂ ಚಿತ್ರದಲ್ಲಿ ಕಾಳುಕಾಳು ಕಾಣುತ್ತದೆ. ನಿಮ್ಮ ಲೆನ್ಸ್ ಎಫ್ 5.6 ಆದರೆ ಅದೇ ಬೆಳಕಿಗೆ ಐಎಸ್‌ಒ 12800 ಬೇಕು. ಎಫ್ 1.8 ಆದರೆ 1250ರ ಸುತ್ತ ಸಾಕು. ಒಂದು ಫೋಟೊ ತೆಗೆದು ಮುಖವನ್ನು ದೊಡ್ಡದು ಮಾಡಿ ನೋಡಿ. ಕಿರೀಟದ ಮಿಣುಕು ಅಲ್ಲಲ್ಲಿ ಬೆಳ್ಳಗಾಗಿದ್ದರೆ ಪರವಾಗಿಲ್ಲ. ಕೆನ್ನೆ, ಹಣೆ ಬೆಳ್ಳಗಾಗಿರಬಾರದು.

ಶಟರ್ ವೇಗ ಕುಣಿತ ನೋಡಿ ಬದಲಾಗಬೇಕು. ಅರ್ಥಗಾರಿಕೆ, ಅಂದರೆ ಮಾತಿನ ಭಾಗ ನಡೆಯುವಾಗ 1/160 ಸಾಕು, ಐಎಸ್‌ಒ ಇಳಿಸಿಕೊಳ್ಳಿ. ಪದ್ಯಕ್ಕೆ ಹೆಜ್ಜೆ ಹಾಕುವಾಗ 1/400. ತೆಂಕಿನ ದಿಗಿಣಕ್ಕೂ ಬಡಗಿನ ಮಂಡಿ ಕುಣಿತಕ್ಕೂ 1/640 ಅಥವಾ ಅದಕ್ಕಿಂತ ಜಾಸ್ತಿ. ಶೇಕ್ ಆಯಿತು ಎಂದು ಕೇಳುವವರ ಫೋಟೊ ತೆರೆದು ನೋಡಿದರೆ ಸಾಮಾನ್ಯವಾಗಿ 1/60 ಇರುತ್ತದೆ. ಐಎಸ್‌ಒ ಏರಿಸಲು ಹೆದರಿ ಶಟರ್ ಇಳಿಸಿರುತ್ತಾರೆ. ಕಾಳುಗಳನ್ನು ಆಮೇಲೆ ಕಡಿಮೆ ಮಾಡಬಹುದು. ಅಲುಗಿದ ಮುಖವನ್ನು ಏನೂ ಮಾಡಲಾಗದು.

ಫೋಕಸ್ ಅನ್ನು ಚಲಿಸುವ ವಸ್ತುವಿಗಾಗಿ ಇರುವ ನಿರಂತರ ಮೋಡಿನಲ್ಲಿಡಿ. ಕ್ಯಾನನ್‌ನ ಡಿಎಸ್‌ಎಲ್‌ಆರ್‌ಗಳಲ್ಲಿ ಅದಕ್ಕೆ ಎಐ ಸರ್ವೊ ಎನ್ನುತ್ತಾರೆ, ನಿಕಾನ್, ಸೋನಿಯಲ್ಲಿ ಎಎಫ್-ಸಿ. ಕಣ್ಣು ಹುಡುಕುವ ಫೋಕಸ್ ಯುವ ವೀರರ ಪುಂಡು ವೇಷ, ಸ್ತ್ರೀ ವೇಷಗಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಬಣ್ಣದ ವೇಷದ ಮುಖ ಕ್ಯಾಮೆರಾಕ್ಕೆ ಮುಖವೆಂದೇ ಗೊತ್ತಾಗದೆ ಹೋಗಬಹುದು. ಆಗ ಒಂದೇ ಚುಕ್ಕಿ ಆರಿಸಿ ಮೂಗಿನ ಮೇಲೆ ಇಟ್ಟುಬಿಡಿ.

7. ಚೆಂಡೆ ಕೇಳಿ ಬಟನ್ ಒತ್ತಿ

ಒಂದೇ ಸಮನೆ ಬಟನ್ ಒತ್ತಿ ಹಿಡಿದು ಮೂರು ಸಾವಿರ ಫೋಟೊ ತರುವವರಿದ್ದಾರೆ. ಅದರಲ್ಲಿ ಹತ್ತು ಚೆನ್ನಾಗಿರುತ್ತವೆ, ಆ ಹತ್ತೂ ಅದೃಷ್ಟ. ಯಕ್ಷಗಾನದಲ್ಲಿ ಮುಂದೆ ಏನಾಗುತ್ತದೆ ಎಂದು ಹಿಮ್ಮೇಳ ಮೊದಲೇ ಹೇಳುತ್ತದೆ. ಕೇಳಿಸಿಕೊಂಡರೆ ಸಾಕು.

ಭಾಗವತರು ಪದ್ಯ ಹಾಡುತ್ತಿರುವಾಗ ಕಲಾವಿದರು ಅಭಿನಯಿಸುತ್ತಾರೆ. ಒಳ್ಳೆಯ ಮುಖಭಾವ ಸಿಗುವುದು ಈಗ. ಒಂದೇ ಸಾಲನ್ನು ಭಾಗವತರು ಮತ್ತೆ ಮತ್ತೆ ಹಾಡುತ್ತಾರೆ. ಮೊದಲ ಸಲ ಸುಮ್ನೆ ನೋಡಿ, ಎರಡನೆಯ ಸಲ ತೆಗೆಯಿರಿ. ಪದ್ಯ ಮುಗಿಯುತ್ತ ಬಂದಂತೆ ಚೆಂಡೆ, ಮದ್ದಳೆ ಬಿಡ್ತಿಗೆಗೆ, ಅಂದರೆ ಪದ್ಯದ ಕೊನೆಯ ಚುರುಕು ಬಡಿತಕ್ಕೆ, ಏರುತ್ತವೆ, ಹೆಜ್ಜೆ ಚುರುಕಾಗುತ್ತದೆ. ಶಟರ್ ಏರಿಸಿಕೊಳ್ಳಿ. ಕೊನೆಯಲ್ಲಿ ಮುಕ್ತಾಯದ ಪೆಟ್ಟಿಗೆ ಕಲಾವಿದರು ಒಂದು ಭಂಗಿಯಲ್ಲಿ ಗಕ್ಕನೆ ನಿಲ್ಲುತ್ತಾರೆ. ಕಾಲು ಊರಿರುತ್ತದೆ, ಕೈ ಚಾಚಿರುತ್ತದೆ, ಮುಖ ಬೆಳಕಿಗೆ ತಿರುಗಿರುತ್ತದೆ. ಆ ಪೆಟ್ಟು ಕೇಳಿದ ಮೇಲೆ ಒತ್ತಿದರೆ ತಡವಾಯಿತು. ಪೆಟ್ಟು ಬೀಳುವ ಹೊತ್ತಿಗೆ ಬೆರಳು ಇಳಿದಿರಬೇಕು. ನಾಲ್ಕು ಆಟ ನೋಡಿದರೆ ತಾನಾಗಿಯೇ ಬರುತ್ತದೆ.

ದಿಗಿಣದಲ್ಲಿ ಹಾರಿದ ದೇಹ ಮೇಲೆ ತುಸು ನಿಂತ ಹಾಗೆ ಕಾಣುವ ಗಳಿಗೆ ಒಂದಿದೆ, ಅದಕ್ಕೆ ಕಾಯಿರಿ. ಮೇಲೆ ಜಾಗ ಬಿಟ್ಟುಕೊಂಡಿರಿ. ಕಿರೀಟದ ತುದಿ, ಚಾಚಿದ ಬೆರಳು, ಗೆಜ್ಜೆ ಕಟ್ಟಿದ ಪಾದ, ಈ ಮೂರು ಕತ್ತರಿಸಿ ಹೋಗಿರುವುದೇ ಹೊಸಬರ ಫೋಟೊಗಳ ದೊಡ್ಡ ದೋಷ. ನಿಮಗೆ ಸರಿ ಎನಿಸಿದ್ದಕ್ಕಿಂತ ಸ್ವಲ್ಪ ಕಡಿಮೆ ಜೂಮ್ ಮಾಡಿ.

ಬಡಗಿನ ಮಂಡಿಯಲ್ಲಿ ಕಲಾವಿದರು ಮೊಣಕಾಲಿನ ಮೇಲೆ ಗಿರ್ರನೆ ಸುತ್ತುತ್ತಾರೆ. ಇಲ್ಲಿ ಬೇಕಿದ್ದರೆ 1/30ಕ್ಕೆ ಇಳಿಸಿ ಬಟ್ಟೆ ಚಕ್ರದಂತೆ ಕಾಣುವ ಹಾಗೆ ತೆಗೆಯಬಹುದು. ಮೊದಲು ಸ್ಪಷ್ಟವಾದ ನಾಲ್ಕು ಚಿತ್ರ ಕೈಯಲ್ಲಿರಲಿ, ಆಮೇಲೆ ಈ ಆಟ.

ತೆಂಕಿನ ಬಣ್ಣದ ವೇಷದ ಪ್ರವೇಶಕ್ಕೆ ಬೇರೆಯೇ ತಯಾರಿ ಬೇಕು. ಇಬ್ಬರು ತೆರೆ ಹಿಡಿದಿರುತ್ತಾರೆ. ಹಿಂದಿನಿಂದ ಆರ್ಭಟ ಕೇಳುತ್ತದೆ, ಕಿರೀಟದ ತುದಿ ಅಲುಗುತ್ತದೆ, ತೆರೆಯ ಅಂಚಿನಲ್ಲಿ ಬೆರಳು ಕಾಣುತ್ತವೆ. ತೆರೆ ಸರಿಯುವವರೆಗೆ ಕಾಯಬೇಡಿ. ಅಂಚಿನ ಮೇಲೆ ಎರಡು ಕಣ್ಣು ಮಾತ್ರ ಕಾಣುವ ಕ್ಷಣ ಪೂರ್ತಿ ಮುಖಕ್ಕಿಂತ ಭಯಂಕರ. ದೊಂದಿಗೆ ರಾಳದ ಪುಡಿ ಎರಚಿದಾಗ ಭಗ್ಗನೆ ಬೆಂಕಿ ಏಳುತ್ತದೆ. ಅದರ ಬೆಳಕು ರಂಗಸ್ಥಳದ ಬೆಳಕಿಗಿಂತ ಎಷ್ಟೋ ಜಾಸ್ತಿ. ಐಎಸ್‌ಒವನ್ನು 800ರ ಹತ್ತಿರ ಮೊದಲೇ ಇಳಿಸಿಟ್ಟುಕೊಂಡು, ಪುಡಿ ಹಿಡಿದ ಕೈ ಹಿಂದಕ್ಕೆ ಹೋದ ಕೂಡಲೇ ಸರಣಿಯಾಗಿ ಒತ್ತಿ. ಮತ್ತೆ ಐಎಸ್‌ಒ ಏರಿಸುವುದನ್ನು ಮರೆಯಬೇಡಿ. ಹತ್ತಿರ ಹೋಗಲೂಬೇಡಿ. ಬೆಂಕಿ ಯಾವ ಕಡೆ ವಾಲುತ್ತದೆ ಎಂದು ಗಾಳಿಗೆ ಮಾತ್ರ ಗೊತ್ತು.

8. ಮೊಬೈಲು ಮಾತ್ರ ಇದ್ದರೆ

ಚೌಕಿಯಲ್ಲಿ, ಅರ್ಥಗಾರಿಕೆಯಲ್ಲಿ ಮೊಬೈಲು ಚೆನ್ನಾಗಿಯೇ ಕೆಲಸ ಮಾಡುತ್ತದೆ. ನೈಟ್ ಮೋಡ್ ಆಫ್ ಮಾಡಿ. ಅದು ಹಲವು ಚಿತ್ರಗಳನ್ನು ಸೇರಿಸಿ ಒಂದು ಮಾಡುವುದರಿಂದ ಕುಣಿಯುವವರಿಗೆ ನಾಲ್ಕು ಕೈ ಬರುತ್ತದೆ. ಮುಖದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕನ್ನು ಕೆಳಗೆ ಎಳೆಯಿರಿ. ಜೂಮ್ ಮಾಡುವ ಬದಲು ಮುಂದೆ ಹೋಗಿ ಕೂರಿ. ಪರದೆಯ ಬೆಳಕನ್ನು ತೀರಾ ಕಡಿಮೆ ಮಾಡಿಕೊಳ್ಳಿ, ಹಿಂದಿನವರ ಕಣ್ಣಿಗೆ ಚುಚ್ಚುತ್ತದೆ.

9. ಮನೆಗೆ ಬಂದ ಮೇಲೆ

ಮಲಗುವ ಮೊದಲು ಕಾರ್ಡನ್ನು ಎರಡು ಕಡೆ ಕಾಪಿ ಮಾಡಿ. ರಂಗಸ್ಥಳದ ಧೂಳು, ರಾಳದ ಹೊಗೆ, ಬೆಳಗಿನ ಜಾವದ ಇಬ್ಬನಿ ಮೂರೂ ಲೆನ್ಸಿಗೆ ಅಂಟಿರುತ್ತವೆ. ಒರೆಸಿ, ಒಣಗಲು ಬಿಟ್ಟು, ಆಮೇಲೆ ಬ್ಯಾಗಿಗೆ ಹಾಕಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಲೆನ್ಸನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಬೇಕು. ಲೆನ್ಸಿನ ಒಳಗೆ ಫಂಗಸ್ ಹಿಡಿದರೆ ತೆಗೆಸುವ ಖರ್ಚಿಗೆ ಇನ್ನೊಂದು ಲೆನ್ಸ್ ಬಂದೀತು.

ತಿದ್ದುವಾಗ ಚೌಕಿಯ ಫೋಟೊ ಪಕ್ಕದಲ್ಲಿ ತೆರೆದಿಟ್ಟುಕೊಂಡು ಮುಖದ ಬಣ್ಣ ಹೊಂದಿಸಿ. ಕಾಳು ತೆಗೆಯುವ ಸೌಲಭ್ಯ ಫೋಟೊ ತಿದ್ದುವ ತಂತ್ರಾಂಶ ಲೈಟ್‌ರೂಮ್‌ನಲ್ಲಿದೆ, ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್‌ನಲ್ಲೂ ಇದೆ. ಅತಿಯಾಗಿ ಹಾಕಿದರೆ ಮುಖವರ್ಣಿಕೆಯ ಗೆರೆಗಳು ಮೇಣದಂತೆ ಕರಗುತ್ತವೆ. ಬಣ್ಣದ ಗಾಢತೆ ಏರಿಸುವ ಸ್ಲೈಡರನ್ನು ಮುಟ್ಟಲೇಬೇಡಿ. ಯಕ್ಷಗಾನದಲ್ಲಿ ಬಣ್ಣಕ್ಕೇನು ಕೊರತೆ?

10. ದುಡ್ಡು, ಹಕ್ಕು, ಹೆಸರು

ಇದರಿಂದಲೇ ಜೀವನ ಸಾಗುತ್ತದೆಯೇ ಎಂದು ಕೇಳುತ್ತಾರೆ. ಆಟದ ಫೋಟೊ ಒಂದರಿಂದಲೇ ಕಷ್ಟ. ಹರಕೆ ಆಟ ಆಡಿಸುವ ಮನೆಯವರು, ಸಂಘಟಕರು, ಸನ್ಮಾನದ ಆಮಂತ್ರಣ, ಅಭಿನಂದನ ಗ್ರಂಥಕ್ಕೆ ಚಿತ್ರ ಬೇಕಾದ ಕಲಾವಿದರು ದುಡ್ಡು ಕೊಡುತ್ತಾರೆ. ಮದುವೆ ಕೆಲಸದ ಜೊತೆಗೆ ಇದನ್ನು ಇಟ್ಟುಕೊಂಡವರೇ ಹೆಚ್ಚು.

ದುಡ್ಡು ಪಡೆದು ಕೆಲಸ ಒಪ್ಪಿಕೊಳ್ಳುವಾಗ ಒಂದು ಎಚ್ಚರಿಕೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ನೀವಾಗಿಯೇ ತೆಗೆದ ಫೋಟೊದ ಹಕ್ಕು ಸಾಮಾನ್ಯವಾಗಿ ನಿಮ್ಮದು. ಆದರೆ ಒಬ್ಬರು ದುಡ್ಡು ಕೊಟ್ಟು ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಹಕ್ಕು ಅವರದಾಗುತ್ತದೆ. 17ನೇ ಸೆಕ್ಷನ್ ಹೇಳುವುದು ಇದನ್ನೇ. ಎಷ್ಟು ಫೋಟೊ, ಯಾವಾಗ ಕೊಡುವುದು, ನೀವು ಅವನ್ನು ಬೇರೆಡೆ ಬಳಸಬಹುದೇ, ಇಷ್ಟನ್ನು ಬರವಣಿಗೆಯಲ್ಲಿ ಹಾಕಿ ಇಬ್ಬರೂ ಒಪ್ಪಿ. ಪ್ರದರ್ಶನದ ಮೇಲೆ ಕಲಾವಿದರಿಗೂ ಕಾನೂನಿನ ಹಕ್ಕಿದೆ. ಇಡೀ ಪ್ರಸಂಗದ ವಿಡಿಯೊ ಮಾಡಿ ಹಾಕುವ ಆಲೋಚನೆ ಇದ್ದರೆ ಮೇಳದವರನ್ನು ಕೇಳದೆ ಮಾಡಬೇಡಿ.

ಫೋಟೊ ಹಂಚುವಾಗ ಪ್ರಸಂಗ, ಮೇಳ, ಊರು, ದಿನಾಂಕ, ಪಾತ್ರ, ಕಲಾವಿದರ ಹೆಸರು ಬರೆಯಿರಿ. ಪಾತ್ರಧಾರಿ ಯಾರೆಂದು ಅನುಮಾನ ಇದ್ದರೆ ಮೇಳದವರಿಗೆ ಕಳಿಸಿ ಕೇಳಿ. ಬಣ್ಣ ಹಚ್ಚಿದ ಮೇಲೆ ಗುರುತು ತಪ್ಪುವುದು ಸುಲಭ. ಅದೇ ವಿವರವನ್ನು ಫೈಲಿನ ಮೆಟಾಡೇಟಾದಲ್ಲೂ, ಅಂದರೆ ಫೋಟೊದ ಒಳಗೇ ಉಳಿಯುವ ಮಾಹಿತಿಯಲ್ಲೂ ಸೇರಿಸಿ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೊ ಆಗಿ ಕಳಿಸಿದರೆ ಆ ಮಾಹಿತಿಯೂ ಹೋಗುತ್ತದೆ, ಗುಣಮಟ್ಟವೂ ಕುಗ್ಗುತ್ತದೆ. ಕಲಾವಿದರಿಗೆ ಕೊಡುವ ಪ್ರತಿಯನ್ನು ಡಾಕ್ಯುಮೆಂಟ್ ಆಗಿ ಕಳಿಸಿ.